ಹಿಮ್ಮಡಿ ನೋವು ಮತ್ತು ಸಂಜೆಯ ಹರದನಹಳ್ಳಿ ರಸ್ತೆ

ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟವನು ಹಾಗೇ ಮತ್ತೆ ಮಂಚದ ಮೇಲೆ ಕೂತುಬಿಟ್ಟೆ. ಎಡಗಾಲಿನ ಹಿಮ್ಮಡಿಗೆ ಯಾರೋ ಮೊಳೆ ಹೊಡೆದ ಹಾಗಿತ್ತು. ಮುಳ್ಳು ಚುಚ್ಚಿದೆಯೇನೋ ಎಂದು ಪಾದ ತಿರುಗಿಸಿ ನೋಡಿದೆ. ಏನೂ ಇಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನೋವು ಅರ್ಧ ಇಳಿದಿತ್ತು. ತಿಂಡಿ ಹೊತ್ತಿಗೆ ಮರೆತೇ ಹೋಗಿತ್ತು.

ಮರುದಿನ ಬೆಳಿಗ್ಗೆ ಅದೇ ಮೊಳೆ. ಅದೇ ಜಾಗ.

ನಿಮ್ಮಲ್ಲಿ ಕೆಲವರಿಗಾದರೂ ಈ ಮೊಳೆಯ ಪರಿಚಯ ಇರಬೇಕು. ಹಗಲು ಓಡಾಡುವಾಗ ಸುಮ್ಮನಿರುತ್ತದೆ, ಸ್ವಲ್ಪ ಹೊತ್ತು ಕೂತು ಎದ್ದರೆ ಮತ್ತೆ ಕುಟುಕುತ್ತದೆ. ಸಂಜೆಯ ಹೊತ್ತಿಗಂತೂ ಕಾಲು ಊರಲು ಬಿಡುವುದಿಲ್ಲ. ನನಗೆ ತೊಂದರೆಯಾದದ್ದು ಅಲ್ಲೇ.

ಚಾಮರಾಜನಗರದಲ್ಲಿ ನಮ್ಮದು ಸಣ್ಣ ಮನೆ. ನಾನು, ಹೆಂಡತಿ ಮಂಜುಳಾ, ನನ್ನ ಅವ್ವ. ಮಂಜುಳಾ ಇಲ್ಲೇ ಸರ್ಕಾರಿ ಶಾಲೆಯಲ್ಲಿ ಟೀಚರ್. ಮದುವೆಯಾದಾಗಿನಿಂದ ಇಬ್ಬರೂ ಸಂಜೆ ಟೀ ಕುಡಿದು ಹರದನಹಳ್ಳಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುತ್ತೇವೆ. ಆರೋಗ್ಯಕ್ಕಾಗಿ ಅಂತ ಅವ್ವನಿಗೆ ಹೇಳಿದ್ದೇವೆ. ನಿಜ ಏನೆಂದರೆ, ಗಂಡ ಹೆಂಡತಿ ಮಾತಾಡಿಕೊಳ್ಳಲು ನಮಗಿರುವುದು ಅದೊಂದೇ ಜಾಗ. ಬೀದಿ ಮುಗಿಯುವವರೆಗೆ ಇಬ್ಬರೂ ಬಾಯಿ ಬಿಡುವುದಿಲ್ಲ (ಪ್ರತಿ ಜಗಲಿಯ ಮೇಲೂ ಒಬ್ಬರು ಕೂತಿರುತ್ತಾರೆ). ಕೊನೆಯ ಮನೆ ದಾಟಿ, ಹೊಲ ಶುರುವಾಗಿ, ಗಾಳಿ ಮುಖಕ್ಕೆ ಬಡಿದ ಮೇಲೆ ಅವಳು ಶುರು ಮಾಡುತ್ತಾಳೆ. "ರೀ, ಒಂದ್ ವಿಷ್ಯ."

ಸಾಲ, ಸಿಟ್ಟು, ನೆಂಟರ ಮದುವೆ, ನಮಗೆ ಮಕ್ಕಳಾಗದೆ ಹೋದದ್ದು, ಎಲ್ಲವೂ ಆ ರಸ್ತೆಯಲ್ಲೇ ಇತ್ಯರ್ಥವಾಗಿವೆ.

ನೋವು ಬರುವ ಹಿಂದಿನ ಸಂಜೆ ಅವಳು ಒಂದು ವಿಷಯ ತೆಗೆದಿದ್ದಳು. ಬಡ್ತಿ ಸಿಗುವ ಹಾಗಿದೆ. ಆದರೆ ಹೆಡ್‌ಮಿಸ್ಟ್ರೆಸ್ ಆಗಿ ಬೇಗೂರು ಕಡೆಯ ಶಾಲೆಗೆ ಹೋಗಬೇಕು. ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಜಾಗ ಆರಿಸಲು ಇಲಾಖೆ ಕರೆಯುವ ಕೌನ್ಸೆಲಿಂಗ್‌ನಲ್ಲಿ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ? ಅಷ್ಟು ಹೇಳುವಾಗ ನಮ್ಮ ಬೀದಿ ಬಂತು. "ನಾಳೆ ಪೂರ್ತಿ ಮಾತಾಡೋಣ" ಎಂದಳು.

ಮರುದಿನ ಸಂಜೆಯಿಂದಲೇ ಕಾಲು ಊರಲಾಗದೆ, ಆ ನಾಳೆ ಬರಲೇ ಇಲ್ಲ. ಮನೆಯಲ್ಲೇ ಮಾತಾಡಬಹುದಿತ್ತಲ್ಲ ಅನ್ನುತ್ತೀರಿ. ಪ್ರಯತ್ನಿಸಿದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ "ಆ ಬೇಗೂರು ವಿಷ್ಯ..." ಅಂದೆ. ಹಾಲ್‌ನಿಂದ ಅವ್ವ ಟಿವಿ ಸೌಂಡ್ ಇಳಿಸಿದರು.

"ಬೇಗೂರ್ಲಿ ಯಾರ್ ಸತ್ರು ಮಗ?"

ಮಂಜುಳಾ ಕುಕ್ಕರ್ ಕಡೆ ತಿರುಗಿದಳು. ಮಾತು ಅಲ್ಲಿಗೆ ನಿಂತಿತು.

ಹಾಗಾಗಿ ಬೇಗ ವಾಸಿಯಾಗಬೇಕಿತ್ತು ನನಗೆ. ವರದಿಗಾರನ ಕೆಲಸದಲ್ಲಿ ಒಂದು ಅನುಕೂಲವಿದೆ, ದಿನವೂ ನಾಲ್ಕು ಜನ ಸಿಗುತ್ತಾರೆ. ಅನನುಕೂಲವೂ ಅದೇ. ನಾಲ್ವರಿಗೂ ಹಿಮ್ಮಡಿ ನೋವಿನ ಮದ್ದು ಗೊತ್ತಿರುತ್ತದೆ. ಸಹೋದ್ಯೋಗಿಯೊಬ್ಬರು ಯೂರಿಕ್ ಆಸಿಡ್ ಎಂದು ತೀರ್ಪು ಕೊಟ್ಟು ನನ್ನ ಅವರೆಕಾಳು ಸಾರು ನಿಲ್ಲಿಸಿದರು. ರಕ್ತ ಪರೀಕ್ಷೆ ಮಾಡಿಸಿದೆ, ನಾರ್ಮಲ್. ಎಕ್ಸ್‌ರೇ ತೆಗೆಸಿದೆ, ಹಿಮ್ಮಡಿಯಲ್ಲಿ ಸಣ್ಣದಾಗಿ ಮೂಳೆ ಬೆಳೆದಿತ್ತು. ಅದನ್ನು ನೋಡಿದ ಪಕ್ಕದ ಮನೆಯವರು ಆಪರೇಷನ್ನೇ ಆಗಬೇಕು ಎಂದರು.

ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಈರುಳ್ಳಿ ಸುದ್ದಿಗೆ ಹೋದಾಗ ಶಿವಣ್ಣ ಸಿಕ್ಕ. ಈರುಳ್ಳಿ ವ್ಯಾಪಾರಿ, ನನ್ನ ಜೊತೆ ಓದಿದವನು. ಲಾರಿ ಪಕ್ಕ ಕುಂಟುತ್ತ ಬರುತ್ತಿದ್ದ ನನ್ನನ್ನು ನೋಡಿ ನಕ್ಕ.

"ಏನ್ಲಾ, ಯಾರ್ ಮನೆ ಕಾಂಪೌಂಡ್ ಆರಿದೆ?"

ವಿಷಯ ಹೇಳಿದೆ.

"ಅಷ್ಟೇಯ? ಇಟ್ಟಿಗೆ ಕಾಯ್ಸು. ಅದ್ರ್ ಮ್ಯಾಲೆ ಎಕ್ಕದೆಲೆ ಮಡುಗು. ಇಮ್ಮಡಿ ಊರ್ಕಂಡ್ ನಿಂತ್ಕ. ಓಯ್ತದೆ ಕಣ್ಲಾ. ನಮ್ಮಪ್ಪಂಗೆ ಓಗ್ಲಿಲ್ವ?"

"ನಿಮ್ಮಪ್ಪ ಕೊನೇವರ್ಗೂ ಕುಂಟ್ತಿದ್ರಲ್ಲೋ."

"ಅದು ಬ್ಯಾರೆ ಕಾಲು."

ಅವ್ವ ಖುಷಿಯಿಂದಲೇ ಇಟ್ಟಿಗೆ ಕಾಯಿಸಿಕೊಟ್ಟರು. ಬಿಸಿ ಹಿತವಾಗಿತ್ತು, ಸುಳ್ಳೇಕೆ ಹೇಳಲಿ? ಆದರೆ ಬೆಳಿಗ್ಗೆ ಮೊಳೆ ತನ್ನ ಜಾಗದಲ್ಲೇ ಇತ್ತು.

ಕೊನೆಗೆ ಡಾಕ್ಟರ್ ನೋಡಿ, ಇದು ಪ್ಲಾಂಟಾರ್ ಫೇಸಿಯೈಟಿಸ್ ಎಂದು ಚೀಟಿ ಬರೆದು ಫಿಸಿಯೋಥೆರಪಿಗೆ ಕಳಿಸಿದರು. ಫಿಸಿಯೋ ಚುರುಕಾದ ಹೆಣ್ಣುಮಗಳು. ಹಿಮ್ಮಡಿಯ ಒಳಭಾಗವನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ಕುರ್ಚಿಯಿಂದ ಎದ್ದೆ. "ಸರಿ, ಇದೇ" ಎಂದರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಪಾದದ ಕಮಾನನ್ನು ಹಿಡಿದಿಡುವುದು ಅದೇ. ಹೆಚ್ಚು ಹೊತ್ತು ನಿಲ್ಲುವುದು, ಮೈತೂಕ, ಗಟ್ಟಿ ನೆಲ, ತೆಳ್ಳಗಿನ ಚಪ್ಪಲಿ, ಬಿಗಿದ ಮೀನಖಂಡ, ಇವೆಲ್ಲ ಸೇರಿ ಅದನ್ನು ಜಗ್ಗುತ್ತವೆ. "ನಿಮ್ಮ ಬ್ಯಾಗಿನ ಪಟ್ಟಿ ಹೊಲಿಗೆ ಹತ್ತಿರ ಮೊದಲು ಬಿಡುತ್ತಲ್ಲ ಸಾರ್, ಹಾಗೆ." ರಾತ್ರಿ ಮಲಗಿದಾಗ ಪಟ್ಟಿ ಬಿಗಿದುಕೊಳ್ಳುತ್ತದೆ. ಬೆಳಗಿನ ಮೊದಲ ಹೆಜ್ಜೆ ಅದನ್ನು ಒಮ್ಮೆಲೇ ಎಳೆಯುತ್ತದೆ. ಮೊಳೆ ಎಂದರೆ ಅಷ್ಟೇ. ಎಕ್ಸ್‌ರೇಯಲ್ಲಿ ಕಂಡ ಮೂಳೆ? ನೋವೇ ಇಲ್ಲದ ಎಷ್ಟೋ ಜನರಿಗೂ ಅದು ಇರುತ್ತದಂತೆ.

ಮದ್ದು ಸರಳ. ಹಾಸಿಗೆಯಿಂದ ಇಳಿಯುವ ಮೊದಲೇ ಟವೆಲ್ಲನ್ನು ಪಾದದ ಮುಂಭಾಗಕ್ಕೆ ಹಾಕಿ ನಿಧಾನವಾಗಿ ತನ್ನ ಕಡೆ ಎಳೆದುಕೊಳ್ಳಬೇಕು. ಗೋಡೆಗೆ ಕೈಕೊಟ್ಟು, ಹಿಮ್ಮಡಿ ನೆಲಕ್ಕೂರಿ, ಮೀನಖಂಡ ಹಿಗ್ಗಿಸಬೇಕು. ನೀರಿನ ಬಾಟಲಿಯನ್ನು ಫ್ರೀಜರ್‌ನಲ್ಲಿಟ್ಟು ಅಂಗಾಲಿನಡಿ ಉರುಳಿಸಬೇಕು. ಮೆತ್ತನೆಯ, ಹಿಮ್ಮಡಿಗೆ ಆಧಾರ ಕೊಡುವ ಚಪ್ಪಲಿ ಹಾಕಬೇಕು. ಬರಿಗಾಲು ಬೇಡವೇ ಬೇಡ. ಇಂಜೆಕ್ಷನ್ ವಿಚಾರ ಆಮೇಲೆ, ಬಹುತೇಕರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು. (ಊತ, ಜ್ವರ, ಜೋಮು ಇದ್ದರೆ ಕಥೆ ಬೇರೆ. ಆಗ ನನ್ನ ಅಂಕಣ ಓದುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.)

"ವಾಕಿಂಗ್?" ಎಂದೆ.

"ಸದ್ಯಕ್ಕೆ ಬೇಡ ಸಾರ್."

ದುಬಾರಿ ಚಪ್ಪಲಿಯನ್ನೇ ಕೊಂಡೆ. ಟವೆಲ್ ಎಳೆದೆ, ಗೋಡೆ ತಳ್ಳಿದೆ, ಬಾಟಲಿ ಉರುಳಿಸಿದೆ. ವಾರಗಳು ಕಳೆದರೂ ಬೆಳಗಿನ ಮೊಳೆ ಹಾಗೇ ಇತ್ತು. ಸಂಜೆ ನಾನು ಜಗಲಿಯ ಮೇಲೆ ಕೂತು ಬೀದಿಯ ಕೊನೆ ನೋಡುತ್ತಿದ್ದೆ. ಅಲ್ಲಿಂದ ಆಚೆ ಹೊಲದ ಹಸಿರಿನ ಒಂದು ಚೂರು ಕಾಣುತ್ತದೆ. ಮಂಜುಳಾ ಒಬ್ಬಳೇ ಹೋಗಲಿಲ್ಲ. "ಒಬ್ಳೇ ಹೋಗಿ ಯಾರ್ ಹತ್ರ ಮಾತಾಡ್ಲಿ?" ಎಂದು ಒಳಗೆ ನೋಟ್ಸ್ ತಿದ್ದುತ್ತ ಕೂರುತ್ತಿದ್ದಳು.

ಒಂದು ರಾತ್ರಿ ಊಟಕ್ಕೆ ಕೂತಾಗ, ಅವ್ವನ ತಟ್ಟೆಗೆ ಸಾರು ಬಿಡುತ್ತ ಹೇಳಿದಳು. "ಇವತ್ತು ಕೌನ್ಸೆಲಿಂಗ್ ಆಯ್ತು. ಬೇಗೂರು ಕಡೆ ಒಪ್ಕೊಂಡೆ."

"ಒಳ್ಳೇದಾಯ್ತು ಬುಡು" ಎಂದರು ಅವ್ವ. ನಾನೂ ಒಳ್ಳೇದಾಯ್ತು ಎಂದೆ. ಸುಳ್ಳಲ್ಲ. ಕೇಳಿದ್ದರೆ ಹೋಗು ಅಂತಲೇ ಹೇಳುತ್ತಿದ್ದೆ. ಆದರೆ ಆ ಮಾತನ್ನು ಗಾಳಿಯಲ್ಲಿ ನಡೆಯುತ್ತ ಹೇಳಬೇಕಿತ್ತು. ಅವಳು ನಾಲ್ಕು ಅಡ್ಡಿ ತೆಗೆಯಬೇಕಿತ್ತು, ನಾನು ಒಂದೊಂದಾಗಿ ಬಿಡಿಸಬೇಕಿತ್ತು. ಸಾರಿನ ಸೌಟು ಹಿಡಿದು ಮುಗಿಸುವ ವಿಷಯವೇ ಅದು?

ಮುಂದಿನ ಭೇಟಿಯಲ್ಲಿ ಫಿಸಿಯೋ ನನ್ನ ಪಾದ ನೋಡಿ ಹುಬ್ಬು ಗಂಟಿಕ್ಕಿದರು.

"ಮನೆ ಒಳಗೆ ಏನು ಹಾಕ್ತೀರಿ?"

"ಮನೆ ಒಳಗೆ ಚಪ್ಪಲಿ ಯಾರು ಹಾಕ್ತಾರೆ ಮೇಡಂ?"

ಅವರು ಪೆನ್ನು ಕೆಳಗಿಟ್ಟರು. ಬೆಳಗಿನ ಮೊದಲ ಹೆಜ್ಜೆಯಿಂದ ಹೊಸ್ತಿಲವರೆಗೆ ನಾನು ಕಲ್ಲಿನಂಥ ಟೈಲ್ಸ್ ಮೇಲೆ ಬರಿಗಾಲಲ್ಲಿದ್ದೆ. ರಾತ್ರಿಯೆಲ್ಲ ಸುಧಾರಿಸಿಕೊಂಡ ಪಟ್ಟಿಯನ್ನು ಬೆಳಗಾಗುತ್ತಲೇ ಮತ್ತೆ ಜಗ್ಗುತ್ತಿದ್ದೆ. ಬರಿಗಾಲು ಬೇಡ ಎಂದಾಗ ನನ್ನ ಕಿವಿಗೆ ಅದು ಬೀದಿಯ ಮಾತಾಗಿ ಕೇಳಿತ್ತು. ನಮ್ಮ ಕಡೆಯ ಯಾರಿಗೆ ತಾನೇ ಬೇರೆ ರೀತಿ ಕೇಳೀತು?

ಅವ್ವನಿಗೆ ಹೇಳಿದೆ. ಆಗಷ್ಟೇ ಲಿಂಗಪೂಜೆ ಮುಗಿಸಿದ್ದರು, ವಿಭೂತಿ ಇನ್ನೂ ಹಣೆಯ ಮೇಲೆ ಒಣಗಿರಲಿಲ್ಲ.

"ಮನೆ ಒಳಕ್ಕೆ ಕೆರ ಆಕ್ಕಂಡ್ ಬತ್ತಿಯಾ? ಕಾಲು ನಿಂದು ಕಣಪ್ಪ. ನೆಲ ನಂದು."

ಮಂಜುಳಾ ವಾದಿಸಲಿಲ್ಲ. ಅಷ್ಟರಲ್ಲಿ ಹೊಸ ಶಾಲೆಗೆ ಸೇರಿಯಾಗಿದ್ದ ಅವಳು ಮರುದಿನ ಅಲ್ಲಿಂದ ಬರುವಾಗ ಗುಂಡ್ಲುಪೇಟೆಯಲ್ಲಿ ಇಳಿದು ಮೆತ್ತನೆಯ ಒಂದು ಜೊತೆ ಕೊಂಡು, ಡಬ್ಬಿಯ ಸಮೇತ ಅವ್ವನ ಮಡಿಲಲ್ಲೇ ಇಟ್ಟಳು. "ಅತ್ತೆ, ಇದು ಬೀದಿ ತುಳಿದಿಲ್ಲ. ತುಳಿಯೋದೂ ಇಲ್ಲ."

ಅವ್ವ ಅಡಿಭಾಗ ತಿರುಗಿಸಿ, ಮೂಸಿ ನೋಡಿದರು. "ದೇವರ್ ಮೂಲೆ ತಾವ್ಕೆ ಬರ್ಕೂಡ್ದು" ಎಂದರು. ಅಷ್ಟೇ.

ನಂಬಿ, ಬಿಡಿ. ಅಲ್ಲಿಂದ ನೋವು ಇಳಿಯತೊಡಗಿತು. ಮೊಳೆ ಮುಳ್ಳಾಯಿತು, ಮುಳ್ಳು ಮರಳಾಯಿತು. ಮೊನ್ನೆ ಫಿಸಿಯೋ, "ಈಗ ನಡೀರಿ ಸಾರ್, ಮೊದಲಿನ ಹಾಗೆ" ಎಂದರು.

ಆ ಸಂಜೆಯೇ ಹೊರಟೆ. ಟೀ ಹೊತ್ತಿಗೆ ಮಂಜುಳಾ ಇನ್ನೂ ಬೇಗೂರಿನ ಬಸ್ಸಿನಲ್ಲಿದ್ದಳು. ಒಬ್ಬನೇ ಕೊನೆಯ ಮನೆ ದಾಟಿದೆ. ಗಾಳಿ ಇತ್ತು. ಕಾಲು ಒಂದು ಮಾತೂ ಆಡಲಿಲ್ಲ. ಹಿಂತಿರುಗಿ ನೇರ ಬಸ್ ಸ್ಟ್ಯಾಂಡಿಗೆ ಹೋದೆ. ಗುಂಡ್ಲುಪೇಟೆ ಬಸ್ಸಿನಿಂದ ಇಳಿದವಳು ನನ್ನನ್ನು ನೋಡಿ ನಕ್ಕಳು, ಬ್ಯಾಗು ನನ್ನ ಕೈಗೆ ಕೊಟ್ಟಳು.

"ನಡ್ಕೊಂಡೇ ಹೋಗೋಣ್ವಾ?" ಎಂದೆ.

"ಸುಸ್ತಾಗಿದೆ ರೀ. ಆಟೋ ಕರೀರಿ."

ಆಟೋದಲ್ಲಿ ಡ್ರೈವರ್ ಇದ್ದ. ಇಬ್ಬರೂ ಸುಮ್ಮನೆ ಮನೆಗೆ ಬಂದೆವು.

ಭಾನುವಾರ ಇದೆಯಲ್ಲ ಅನ್ನುತ್ತೀರಿ, ಗೊತ್ತು. ಇವತ್ತು ಭಾನುವಾರವೇ. ನಾನು ಚಪ್ಪಲಿ ಹಾಕಿಕೊಂಡು ಸಿದ್ಧನಾಗಿದ್ದೇನೆ. ಅವಳು ಮಧ್ಯಾಹ್ನ ಒರಗಿದವಳು ಇನ್ನೂ ನಿದ್ದೆಯಲ್ಲಿದ್ದಾಳೆ. ಎಬ್ಬಿಸಲು ನಿಮಗಾದರೂ ಮನಸ್ಸು ಬರುತ್ತದೆಯೇ?