ಸೊಪ್ಪು ತಿನ್ನದ ಅಪ್ಪ

ಚಂದ್ರಶೇಖರ ಮೇಷ್ಟ್ರಿಗೆ ಗೊತ್ತಿಲ್ಲದ ಸೊಪ್ಪಿಲ್ಲ. ಮೈಸೂರಿನಿಂದ ಕೋಲ್ಕತ್ತಾಕ್ಕೆ ಬಂದು, ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತ ಮಾಡುತ್ತಲೇ ತಲೆ ಬೋಳಾದವರು ಅವರು. ಸದರ್ನ್ ಅವೆನ್ಯೂ ಪಕ್ಕದ ಬಾಡಿಗೆ ಮನೆಯಿಂದ ಸರೋವರದ ಕಡೆ ಗಾಳಿ ಸೇವನೆಗೆ ಹೊರಟರೆ, ದಾರಿಬದಿಯ ಕಳೆಗಿಡಕ್ಕೂ ಹೆಸರು ಹಿಡಿದು ನಮಸ್ಕಾರ ಹೇಳುವ ಪೈಕಿ. ಅಂಥವರು ತಮ್ಮ ಮನೆಯ ಊಟದ ಮೇಜಿನಲ್ಲಿ ಮಾತ್ರ ವರ್ಷಗಟ್ಟಲೆ ಒಂದು ದಂಟನ್ನೂ ಮುಟ್ಟಲಿಲ್ಲ. ಹೆಂಡತಿಯ ಆಜ್ಞೆ ಹಾಗಿತ್ತು.

ಆಜ್ಞೆ ಹುಟ್ಟಿದ್ದು ಒಬ್ಬನೇ ಮಗ ಧ್ರುವನಿಂದ. ಚಿಕ್ಕಂದಿನಲ್ಲಿ ಅವನು ತಟ್ಟೆಯಲ್ಲಿ ಹಸಿರು ಕಂಡರೆ ಸಾಕು, ಬಾಯಿ ಬಿಗಿದು ಕೂತುಬಿಡುತ್ತಿದ್ದ. ಒಂದು ಮಧ್ಯಾಹ್ನ ರೇಣುಕಮ್ಮ ಬೇಸತ್ತು, ಕೈಯಲ್ಲಿದ್ದ ಸೌಟನ್ನು ಗಂಡನ ತಲೆಯ ಕಡೆ ತೋರಿಸಿ, "ನೋಡು ಮರಿ, ನಿಮ್ಮಪ್ಪ ಸೊಪ್ಪು ತಿನ್ನಲ್ಲ. ಅದಕ್ಕೇ ಅವ್ರ ಕೂದ್ಲೆಲ್ಲ ಉದುರಿಹೋಯ್ತು. ನಿಂಗೂ ಹಂಗೇ ಆಗ್ಬೇಕಾ?" ಅಂದರು. ಹುಡುಗ ಅಪ್ಪನ ತಲೆ ನೋಡಿದ, ತನ್ನ ತಲೆ ಮುಟ್ಟಿ ನೋಡಿಕೊಂಡ, ಬಾಯಿ ತೆರೆದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಒಂದು ಮಗುವಿಗೆ ಉಣ್ಣಿಸಲು ಒಂದು ಸುಳ್ಳು ಹೇಳಿದರೆ ಯಾವ ದೇವರು ಕಣ್ಣು ಕೆಂಪಗೆ ಮಾಡಿಯಾನು?

ಕಷ್ಟಕ್ಕೆ ಬಂದದ್ದು ಮೇಷ್ಟ್ರಿಗೆ. ಮಸ್ಸೊಪ್ಪಿನ ಸಾರೆಂದರೆ ಅವರಿಗೆ ಪಂಚಪ್ರಾಣ. ಆದರೆ ಸೊಪ್ಪು ತಿನ್ನದ ಅಪ್ಪ ಸೊಪ್ಪು ತಿಂದರೆ ಸುಳ್ಳು ನಿಲ್ಲುವುದು ಹೇಗೆ? ಹುಡುಗನ ಎದುರಿಗೆ ಅವರಿಗೆ ಬರೀ ತಿಳಿಸಾರು. ಅವನು ಸ್ಕೂಲಿನ ವ್ಯಾನ್ ಹತ್ತಿದ ಮೇಲೆ ರೇಣುಕಮ್ಮ ಅಡುಗೆಮನೆಯ ಬಾಗಿಲು ಓರೆ ಮಾಡಿ, ಬಿಸಿ ಅನ್ನಕ್ಕೆ ಮಸ್ಸೊಪ್ಪು ಕಲಸಿ, ಕಟ್ಟೆಗೆ ಒರಗಿ ನಿಂತ ಗಂಡನ ಅಂಗೈಗೆ ಒಂದೊಂದೇ ತುತ್ತು ಹಾಕುತ್ತಿದ್ದರು. "ಬೇಗ ತಿನ್ರೀ ಕಳ್ಳ ಮೇಷ್ಟ್ರೇ, ಕ್ಲಾಸಿಗೆ ಹೊತ್ತಾಯ್ತು," ಅನ್ನುತ್ತಿದ್ದರು. ಧ್ರುವ ದೊಡ್ಡವನಾದ, ಕಾಲೇಜು ಸೇರಿದ, ಯಾರೂ ಹೇಳದೆ ಸೊಪ್ಪು ಬಡಿಸಿಕೊಂಡು ತಿನ್ನುವಂತಾದ. ಆಗಲಾದರೂ ನಾಟಕ ನಿಲ್ಲಿಸಬಹುದಿತ್ತು. ಗಂಡ ಹೆಂಡತಿ ಇಬ್ಬರಿಗೂ ನಿಲ್ಲಿಸುವ ಮನಸ್ಸು ಬರಲಿಲ್ಲ. ಆ ಅಡುಗೆಮನೆಯ ಕಳ್ಳತನದಷ್ಟು ಸುಖ ಅವರ ಸಂಸಾರದಲ್ಲಿ ಬೇರೆ ಇರಲಿಲ್ಲ ಎಂದರೆ ತಪ್ಪಾಗದು.

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬುದು ರೇಣುಕಮ್ಮನ ಬಾಯಲ್ಲಿ ಸದಾ ಇದ್ದ ಮಾತು. ಉಪ್ಪು ಹಿತ, ಎಣ್ಣೆ ಮಿತ, ಹೊತ್ತು ಹೊತ್ತಿಗೆ ಊಟ. ಮಗ ಸಾಲ್ಟ್ ಲೇಕಿನ ಐಟಿ ಕಂಪನಿಗೆ ಸೇರಿದ ಮೇಲೆ ಮಾತ್ರ ಆ ಕಟ್ಟುನಿಟ್ಟು ಮುರಿಯಿತು. ಅವನು ಗೆಳೆಯರ ಜೊತೆ ಬಿರಿಯಾನಿ, ರೋಲು ತಿಂದು ತಡವಾಗಿ ಮನೆ ಸೇರುತ್ತಿದ್ದ. ಅವನು ಬರುವ ತನಕ ಅಮ್ಮ ತಟ್ಟೆ ಮುಚ್ಚಿಟ್ಟುಕೊಂಡು ಕಾಯುತ್ತಿದ್ದರು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಆರಿಸುತ್ತಿದ್ದವರು ಹಾಗೇ ಕುಸಿದರು. ಹೃದಯ ನಿಂತಿತ್ತು. ಊಟ ಬಲ್ಲವರನ್ನೂ ಯಮ ಬಲ್ಲ.

ಆಮೇಲೆ ಧ್ರುವನ ಕೂದಲು ಉದುರತೊಡಗಿತು. ಮೊದಲು ಹಣೆಯ ಎರಡು ಮೂಲೆ ಮೇಲಕ್ಕೆ ಸರಿದವು, ಆಮೇಲೆ ನಡುನೆತ್ತಿ ಬಯಲಾಯಿತು. ಮೇಷ್ಟ್ರಿಗೆ ಅದು ಪರಿಚಯದ ದಾರಿ. ಅದೇ ವಯಸ್ಸಿನಲ್ಲಿ, ಅದೇ ಮೂಲೆಗಳಿಂದ ಅವರದೂ ಹೋಗಿತ್ತು, ಅವರಪ್ಪನದೂ. ಪಾಡಾ ಹುಡುಗರು, ಅಂದರೆ ಆ ಬೀದಿಯ ಕ್ಲಬ್ಬಿನಲ್ಲಿ ಕೇರಂ ಆಡುವವರು, ಧ್ರುವನನ್ನು "ಟಾಕ್ಲು" ಎಂದು ಕರೆಯತೊಡಗಿದರು. ಬಂಗಾಳಿಯಲ್ಲಿ ಬೋಳನನ್ನು ಪ್ರೀತಿಯಿಂದ ಕರೆಯುವುದು ಹಾಗೆ. ಆ ಪ್ರೀತಿ ಧ್ರುವನಿಗೆ ಹಿಡಿಸಲಿಲ್ಲ, ಕ್ಲಬ್ಬಿಗೆ ಹೋಗುವುದನ್ನು ಬಿಟ್ಟ. ಆಮೇಲೆ ಬಿರಿಯಾನಿ ಬಿಟ್ಟ, ಸಕ್ಕರೆ ಬಿಟ್ಟ, ಎಣ್ಣೆ, ಹಾಲು, ಕೊನೆಗೆ ಅನ್ನವನ್ನೂ ಬಿಟ್ಟ. ಬೆಳಿಗ್ಗೆ ಕರಿಬೇವಿನ ನೀರು, ಮಧ್ಯಾಹ್ನ ಮೊಳಕೆ ಹೆಸರುಕಾಳು, ಸಂಜೆ ಬೇಯಿಸಿದ ಪಾಲಕ್. ಯಾವ್ಯಾವುದೋ ವಿಡಿಯೋ ನೋಡಿ ಕಲಿತದ್ದು ಅರ್ಧ, ಅಮ್ಮ ಹೇಳಿದ್ದು ಅರ್ಧ. ವರ್ಷ ತುಂಬುವುದರೊಳಗೆ ಅವನ ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಕಾಣತೊಡಗಿತು. ಕೂದಲು ಮೊದಲಿಗಿಂತ ಜಾಸ್ತಿಯೇ ಉದುರಿತು.

ಮೇಷ್ಟ್ರು ಅವನನ್ನು ಗರಿಯಾಹಾಟಿನ ಒಬ್ಬ ಚರ್ಮವೈದ್ಯೆಯ ಚೇಂಬರಿಗೆ ಎಳೆದುಕೊಂಡು ಹೋದರು. ಆಕೆ ಮಗನ ತಲೆ ನೋಡಿದರು, ಅಪ್ಪನ ತಲೆಯನ್ನೂ ನೋಡಿದರು. "ಇದು ವಂಶದಿಂದ ಬಂದದ್ದು. ಊಟದಿಂದ ಬಂದದ್ದಲ್ಲ, ಊಟ ಬಿಟ್ಟರೆ ನಿಲ್ಲುವುದೂ ಇಲ್ಲ. ಸಿಗರೇಟು, ನಿದ್ದೆಗೇಡು ಇವೆಲ್ಲ ಒಂಚೂರು ಬೇಗ ಮಾಡಬಹುದೇನೋ, ಅಷ್ಟೇ," ಎಂದು ಹಿಂದಿಯಲ್ಲಿ ಹೇಳಿದರು. "ಆದರೆ ಉಪವಾಸ ಬಿದ್ದು ಇವನು ಇನ್ನೊಂದು ಥರದ ಉದುರುವಿಕೆಯನ್ನು ಮೇಲೆ ತಂದುಕೊಂಡಿದ್ದಾನೆ. ಮೈಯಲ್ಲಿ ರಕ್ತವೇ ಇಲ್ಲ. ವಂಶದ್ದನ್ನು ನಿಧಾನ ಮಾಡಲು ಔಷಧಿ ಇದೆ, ಅದು ಆಮೇಲಿನ ಮಾತು. ಮೊದಲು ಹೊಟ್ಟೆ ತುಂಬ ತಿನ್ನಿಸಿ."

ಆಟೋದಲ್ಲಿ ವಾಪಸು ಬರುವಾಗ ಧ್ರುವ ರಸ್ತೆ ನೋಡುತ್ತ ಕೇಳಿದ: "ಅಮ್ಮ ಹೇಳಿದ್ದು ಸುಳ್ಳಾ ಹಾಗಾದ್ರೆ?"

ಮೇಷ್ಟ್ರಿಗೆ ಸತ್ತವಳನ್ನು ಸುಳ್ಳಿ ಮಾಡಲು ನಾಲಿಗೆ ಏಳಲಿಲ್ಲ. "ಡಾಕ್ಟ್ರುಗಳು ಒಬ್ಬೊಬ್ರು ಒಂದೊಂದು ಹೇಳ್ತಾರೆ ಕಣೋ," ಎಂದು ತೇಲಿಸಿಬಿಟ್ಟರು. ಆ ಸಂಜೆಯೂ ಧ್ರುವ ಅನ್ನ ಮುಟ್ಟಲಿಲ್ಲ. ಆಮೇಲೂ ಮುಟ್ಟಲಿಲ್ಲ. ಹೆಂಡತಿಯ ಮಾತು ಉಳಿಸಿಕೊಂಡರೆ ಮಗ ಉಳಿಯುವುದಿಲ್ಲ ಎಂಬುದು ಮೇಷ್ಟ್ರಿಗೆ ದಿನದಿನಕ್ಕೂ ಸ್ಪಷ್ಟವಾಗುತ್ತಿತ್ತು. ಆಫೀಸಿನ ಮೆಟ್ಟಿಲ ಮೇಲೆ ಅವನು ತಲೆ ಸುತ್ತಿ ಬಿದ್ದ ಸುದ್ದಿಯೂ ಬಂತು.

ಅದಾಗಿ ಕೆಲವೇ ದಿನಕ್ಕೆ ಚತುರ್ದಶಿ ಬಂತು. ಆ ದಿನ ನಮ್ಮವರಿಗೆ ನರಕ ಚತುರ್ದಶಿ, ಎಣ್ಣೆಸ್ನಾನ. ಬಂಗಾಳಿಗಳಿಗೆ ಭೂತ ಚತುರ್ದಶಿ. ಹಿಂದಿನ ಹದಿನಾಲ್ಕು ತಲೆಮಾರಿನವರನ್ನು ನೆನೆದು ಮಧ್ಯಾಹ್ನ ಹದಿನಾಲ್ಕು ಬಗೆಯ ಸೊಪ್ಪು ತಿನ್ನುತ್ತಾರೆ, ಸಂಜೆ ಹದಿನಾಲ್ಕು ದೀಪ ಹಚ್ಚುತ್ತಾರೆ. ರೇಣುಕಮ್ಮ ಎರಡನ್ನೂ ಬಿಡದವರು. ಬೆಳಿಗ್ಗೆ ಅಪ್ಪ ಮಗನಿಬ್ಬರನ್ನೂ ಮಣೆಯ ಮೇಲೆ ಕೂರಿಸಿ ಎಣ್ಣೆ ಒತ್ತುವರು, ಮಧ್ಯಾಹ್ನ ಹದಿನಾಲ್ಕು ಸೊಪ್ಪನ್ನೂ ಸೇರಿಸಿ ಮೈಸೂರಿನ ಮಸ್ಸೊಪ್ಪು ಮಾಡುವರು. ಸಂತೆಯಲ್ಲಿ ಬೆರೆಸಿ ಮಾರುವ ಸೊಪ್ಪಿನ ಕಂತೆಯನ್ನು ಮೇಷ್ಟ್ರು ಎಲೆ ಎಲೆ ಬಿಡಿಸಿ ನೋಡಿ, "ಇದ್ರಲ್ಲಿ ಒಂಬತ್ತೇ ಇರೋದು ಕಣೇ," ಅಂದರೆ, "ಮಿಕ್ಕ ಐದು ಭೂತ ತಿಂದ್ಕೊಂಡ್ವು ಅನ್ಕೊಳ್ಳಿ," ಅನ್ನುವರು. ಅವರು ಹೋದ ಮೇಲೆ ಎರಡು ಚತುರ್ದಶಿ ಆ ಮನೆಯ ಮುಂದೆ ಸುಮ್ಮನೆ ಹಾದುಹೋಗಿದ್ದವು.

ಈ ಸಲ ಮೇಷ್ಟ್ರು ಎಣ್ಣೆ ಕಾಯಿಸಿ ಮಗನನ್ನು ಕರೆದರು. ಧ್ರುವ ಮೊದಲು ಬೇಡವೆಂದು, ಆಮೇಲೆ ಬಂದು ಮಣೆಯ ಮೇಲೆ ಕೂತ. ಆ ತಲೆಯನ್ನು ಅವರು ಮುಟ್ಟಿ ಎಷ್ಟೋ ವರ್ಷವಾಗಿತ್ತು. ಕೈ ಎತ್ತಿದಾಗ ಅಂಗೈಯ ಎಣ್ಣೆಯಲ್ಲಿ ಕೂದಲು ಅಂಟಿಕೊಂಡು ಬಂತು. ಧ್ರುವ ಹಿಂತಿರುಗಿ ನೋಡುವುದರೊಳಗೆ ಅವರು ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಗಲೇ ತೀರ್ಮಾನ ಮಾಡಿದರು.

ಮಧ್ಯಾಹ್ನ ಅವರೇ ಅಡುಗೆ ಮಾಡಿದರು. ಬೇಳೆ, ಸೊಪ್ಪು ಬೇಯಿಸಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಪಾತ್ರೆಯನ್ನು ಮೇಜಿನ ಮೇಲೆ ತಂದಿಟ್ಟರು. ಧ್ರುವ ಎದುರಿಗೆ ಮೊಳಕೆಕಾಳಿನ ಬಟ್ಟಲು ಹಿಡಿದು ಕೂತಿದ್ದ. ಮೇಷ್ಟ್ರು ತಮ್ಮ ತಟ್ಟೆಗೆ ಅನ್ನ ಹಾಕಿಕೊಂಡರು, ಅದರ ಮೇಲೆ ಮಸ್ಸೊಪ್ಪು ಸುರಿದುಕೊಂಡರು, ಕಲಸಿ ಬಾಯಿಗಿಟ್ಟರು.

"ಅಪ್ಪ, ವಾಟ್ ಆರ್ ಯೂ ಡೂಯಿಂಗ್? ನೀನು ಸೊಪ್ಪು ತಿನ್ನಲ್ಲ ಅಲ್ವಾ?"

"ತಿಂತೀನಿ ಕಣೋ. ಹುಟ್ಟಿದಾಗಿಂದ ತಿಂತಿದೀನಿ. ನೀನು ಸ್ಕೂಲಿಗೆ ಹೋದ್ಮೇಲೆ ನಿಮ್ಮಮ್ಮ ಅಡುಗೆಮನೇಲಿ ಕದ್ದು ಬಡಿಸೋಳು. ನಿನ್ನ ಬಾಯಿ ತೆರೆಸೋಕೆ ಅವ್ಳು ಕಟ್ಟಿದ ಕಥೆ ಅದು. ನಾನೂ ಸೇರ್ಕೊಂಡೆ. ನನ್ನ ಕೂದ್ಲು ಹೋಗಿದ್ದು ನಮ್ಮಪ್ಪನಿಂದ. ನಿಂದು ಹೋಗ್ತಿರೋದು ನನ್ನಿಂದ. ನೀನು ಏನು ತಿಂದ್ರೂ, ಏನು ಬಿಟ್ರೂ ಹೋಗೋದೇ. ನಿನ್ನ ತಪ್ಪು ಏನೂ ಇಲ್ಲ ಮಗು."

ಧ್ರುವ ಸಿಟ್ಟು ಮಾಡಿಕೊಂಡಾನು, ಎದ್ದು ಹೋದಾನು ಎಂದುಕೊಂಡಿದ್ದರು ಮೇಷ್ಟ್ರು. ಅವನು ಬಟ್ಟಲು ಪಕ್ಕಕ್ಕಿಟ್ಟು ಬೇರೆಯದೇ ಕೇಳಿದ.

"ಮತ್ತೆ ಅಮ್ಮ?"

"ಅಮ್ಮ ಏನು?"

"ನಾನು ಬರೋವರೆಗೂ ಊಟ ಮಾಡ್ತಿರ್ಲಿಲ್ಲ. ನಾನು ಹೊರಗಡೆ ತಿಂದ್ಕೊಂಡು ಬರ್ತಿದ್ದೆ, ಅವ್ಳು ಹಸ್ಕೊಂಡು ಕೂತಿರ್ತಿದ್ಲು. ಎವೆರಿ ಡೇ. ಅದ್ರಿಂದ್ಲೇ ಹಂಗಾಯ್ತು, ಅಲ್ವಾ? ಊಟ ಸರಿಯಾಗಿದ್ರೆ ಏನೂ ಆಗಲ್ಲ ಅಂತ ಅವ್ಳೇ ಹೇಳ್ತಿದ್ದಿದ್ದು."

ಇಷ್ಟು ದಿನ ಹುಡುಗ ಕೂದಲಿಗಾಗಿ ಉಪವಾಸ ಬಿದ್ದಿದ್ದಾನೆ ಎಂದೇ ಮೇಷ್ಟ್ರು ತಿಳಿದಿದ್ದರು. ಇವನೋ ಅಮ್ಮನನ್ನು ಹಸಿವಿನಲ್ಲಿ ಕಾಯಿಸಿದ್ದಕ್ಕೆ ತನ್ನನ್ನು ಹಸಿವಿನಲ್ಲಿಟ್ಟುಕೊಂಡಿದ್ದ. ಮಾಡಿದ್ದುಣ್ಣೋ ಮಹರಾಯ ಎಂಬುದನ್ನು ಉಣ್ಣದೆ ತೀರಿಸುತ್ತಿದ್ದ. ಒಂದೇ ಮನೆಯಲ್ಲಿದ್ದೂ ಇದು ಅವರಿಗೆ ಕಂಡಿರಲಿಲ್ಲ.

"ಇಲ್ಲಪ್ಪ. ಅವಳ ತಾಯೀನೂ ಹೀಗೇ, ಇದೇ ವಯಸ್ಸಲ್ಲಿ, ನೀರು ಸೇದ್ತಾ ಸೇದ್ತಾ ಹೋದ್ರು. ನಿನ್ನಿಂದಲ್ಲ."

"ಹಾಗಾದ್ರೆ ಯಾರ ತಪ್ಪೂ ಇಲ್ವಾ?"

"ಇಲ್ಲ."

"ಏನು ಮಾಡಿದ್ರೂ ಉಳೀತಿರ್ಲಿಲ್ವಾ?"

ಇದಕ್ಕೆ ಉತ್ತರ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಮಗ ಮತ್ತೆ ಆ ಬಟ್ಟಲಿಗೇ ಕೈ ಹಾಕುತ್ತಾನೆ ಎಂಬುದು ಮಾತ್ರ ಗೊತ್ತಿತ್ತು. "ಉಳೀತಿರ್ಲಿಲ್ಲ ಕಣೋ," ಅಂದರು. ಬದುಕಿನಲ್ಲಿ ಅವರು ಒಬ್ಬರೇ ನಿಂತು, ಹೆಂಡತಿಯ ಆಸರೆಯಿಲ್ಲದೆ ಹೇಳಿದ ಮೊದಲ ಸುಳ್ಳು ಅದು.

ಧ್ರುವ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಅತ್ತ. ಮಾರ್ಕೆಟ್ಟಿನಿಂದ ಅಮ್ಮನನ್ನು ತಂದ ದಿನವೂ ಅವನು ಅತ್ತಿರಲಿಲ್ಲ. ತಪ್ಪು ತನ್ನದೆಂದು ನಂಬಿದ್ದಷ್ಟು ದಿನ ಅವನಿಗೆ ಮಾಡಲು ಒಂದು ಕೆಲಸವಾದರೂ ಇತ್ತು. ಈಗ ಅಮ್ಮ ಇಲ್ಲ ಎನ್ನುವುದೊಂದೇ ಉಳಿಯಿತು. ಮೇಷ್ಟ್ರು ಎದ್ದು ಹೋಗಿ ಪಕ್ಕದಲ್ಲಿ ನಿಂತು, ತಮ್ಮ ತಟ್ಟೆಯಿಂದಲೇ ಒಂದು ತುತ್ತು ಎತ್ತಿ ಅವನ ಬಾಯಿಯ ಹತ್ತಿರ ಹಿಡಿದರು. ರೇಣುಕಮ್ಮನ ತುತ್ತಿನ ಹಾಗೆ ಅದು ಗಟ್ಟಿ ನಿಲ್ಲಲಿಲ್ಲ, ಅರ್ಧ ಮೇಜಿನ ಮೇಲೆ ಉದುರಿತು. ಧ್ರುವ ಬಾಯಿ ತೆರೆದ. ಆಮೇಲೆ ತಾನೇ ತಟ್ಟೆ ಎಳೆದುಕೊಂಡು, ಮೂಗು ಒರೆಸಿಕೊಳ್ಳುತ್ತ, ಪಾತ್ರೆಯ ತಳ ಕಾಣುವವರೆಗೂ ಉಂಡ.

ಅವನು ಕೈ ತೊಳೆದು ಮಲಗಲು ಹೋದ ಮೇಲೆ ಮೇಷ್ಟ್ರು ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಬಂದರು. ತಳಕ್ಕೆ ಅಂಟಿಕೊಂಡು ಒಂದಿಷ್ಟು ಮಸ್ಸೊಪ್ಪು ಉಳಿದಿತ್ತು. ಅಭ್ಯಾಸದಂತೆ ಬಾಗಿಲು ಓರೆ ಮಾಡಿ, ಕಟ್ಟೆಗೆ ಒರಗಿ ನಿಂತು, ಅಂಗೈ ಚಾಚಿದರು. ಇನ್ನು ಈ ಮನೆಯಲ್ಲಿ ಸೊಪ್ಪನ್ನು ಕದ್ದು ತಿನ್ನಬೇಕಾಗಿಲ್ಲ ಎಂಬುದು ಆಗ ನೆನಪಾಯಿತು. ಬಾಗಿಲನ್ನು ಪೂರ್ತಿ ತೆರೆದಿಟ್ಟು, ರೇಣುಕಮ್ಮನ ಸೆರಗಿಲ್ಲದ ಆ ಅಡುಗೆಮನೆಯಲ್ಲಿ ಮೇಷ್ಟ್ರು ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.