ಹೇಮಕ್ಕ ಬಿಡಲು ಕಲಿತದ್ದು

ಹೊನ್ನಾಳಿಯ ಗೊಬ್ಬರದಂಗಡಿಯೊಂದರ ಮಹಡಿಯಲ್ಲಿ ಹೇಮಾವತಿಯವರ ಯೋಗದ ಕ್ಲಾಸು ನಡೆಯುತ್ತದೆ. ಉಸಿರೆಳೆದುಕೊಂಡರೆ ಕೆಳಗಿನ ಗೊಬ್ಬರದ ವಾಸನೆಯೂ ಜೊತೆಗೇ ಬರುತ್ತದೆ. ಹೆರಿಗೆಯ ನಂತರ ಸೊಂಟ ಹಿಡಿದುಕೊಂಡಿತೆಂದು ನಾನು ಅಲ್ಲಿಗೆ ಸೇರಿದೆ. ಮಗುವಿನ ತೂಕ ಏರಿತೋ ಇಲ್ಲವೋ, ನನ್ನ ಬೆನ್ನು ನೆಟ್ಟಗಿದೆಯೋ ಇಲ್ಲವೋ, ಎಲ್ಲಕ್ಕೂ ಯಾರಾದರೂ ಸರಿ ಅನ್ನಬೇಕು ನನಗೆ. ಹೇಮಕ್ಕ ಅನ್ನುವುದಿಲ್ಲ. ಯಾರನ್ನೂ ತಿದ್ದುವುದಿಲ್ಲ, ಮೈ ಮುಟ್ಟುವುದಿಲ್ಲ. “ಬಂದಷ್ಟು ಸಾಕು ಬಿಡ್ರಿ” ಎಂದು ಮುಂದೆ ಹೋಗುತ್ತಾರೆ. ಮೈಸೂರಿನಲ್ಲಿ ಓದಿದ ನನಗೆ ಇದೆಂಥ ಕಲಿಸುವ ರೀತಿ ಎಂದು ಸಿಟ್ಟೇ ಬಂದಿತ್ತು.

ಇದೇ ಹೇಮಕ್ಕ ಹಿಂದೆ ಹೇಗಿದ್ದರೆಂದು ಪಕ್ಕದ ಚಾಪೆಯ ಕೊಟ್ರಮ್ಮ ಹೇಳಿದರು. ಮಗಳು ಸಂಧ್ಯಾರಾಣಿಯನ್ನು ಚಿಕ್ಕಂದಿನಿಂದ ಯೋಗಾಸನ ಸ್ಪರ್ಧೆಗಳಿಗೆ ಕರೆದೊಯ್ಯುತ್ತಿದ್ದರಂತೆ. ಚನ್ನಗಿರಿಯಿರಲಿ, ನ್ಯಾಮತಿಯಿರಲಿ, ತಾಯಿ ಮಗಳು ಹಾಜರು. ಕಾಲ್ಬೆರಳು ನಡುಗಿದರೂ ಅಂಕ ಹೋಗುತ್ತದೆಂದು ಹುಡುಗಿಯ ಮಂಡಿಯನ್ನು ಅಂಗೈಯಿಂದ ಒತ್ತಿ ನೆಲ ಮುಟ್ಟಿಸುತ್ತಿದ್ದರು. ಜಗಳೂರಿನಲ್ಲಿ ಎರಡನೇ ಸ್ಥಾನ ಬಂದ ದಿನ ಬಸ್ಸಿಳಿಯುವವರೆಗೂ ಅವಳ ಜೊತೆ ಮಾತಾಡಲಿಲ್ಲ. ಕೊನೆಗೆ ಮಂಡಿ ಊದಿಕೊಂಡು, ಡಾಕ್ಟರು ಎಲ್ಲ ನಿಲ್ಲಿಸಿ ಎಂದರು. ಸಂಧ್ಯಾ ದಾವಣಗೆರೆಯಲ್ಲಿ ಹಾಸ್ಟೆಲ್ ಸೇರಿ, ನರ್ಸಿಂಗ್ ಮುಗಿಸಿ, ಅಲ್ಲೇ ಕೆಲಸ ಹಿಡಿದಳು. ಹಬ್ಬಕ್ಕೆ ಬಂದರೂ ಸಂಜೆಗೇ ವಾಪಸ್ಸು.

ಮಗಳಿಲ್ಲದ ಮನೆಯಲ್ಲಿ ಹೇಮಕ್ಕ ಮೊದಲ ಸಲ ತಾವೇ ಚಾಪೆ ಹಾಸಿದರು. ಅಲ್ಲಿಯವರೆಗೆ ನೋಡಿ ಕಲಿತಿದ್ದರೇ ಹೊರತು ಒಂದು ಆಸನವನ್ನೂ ಮಾಡಿರಲಿಲ್ಲ. ಬಗ್ಗಿದರೆ ಕೈ ಮೊಣಕಾಲು ದಾಟಲಿಲ್ಲ. ತೊಡೆಯ ಹಿಂದೆ ಎಳೆದ ನೋವಿಗೆ ಒಬ್ಬರೇ ಕೂತು ಅತ್ತರಂತೆ. ಕೈ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೇ ಬಿಡುವುದನ್ನು ಕಲಿಯಲು ವರ್ಷಗಳೇ ಹಿಡಿದವು. ಆಮೇಲೆ ಈ ಕ್ಲಾಸು ತೆರೆದರು. ಅವರಿಗೆ ಬೇಕಿದ್ದುದು ಒಂದೇ. ಮಗಳು ಒಮ್ಮೆ ಬಂದು ನೋಡಬೇಕು, ಅಮ್ಮ ಬದಲಾಗಿದ್ದಾಳೆ ಅನ್ನಬೇಕು.

ಕಳೆದ ಭಾನುವಾರ ಸಂಧ್ಯಾ ಬಂದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೊಟ್ರಮ್ಮ ಬಗ್ಗಲಾರದೆ, “ಹೊಟ್ಟೆ ಅಡ್ಡ ಬರ್ತೈತೆ ಹೇಮಾ, ಇದನ್ನ ಮನೇಲಿ ಬಿಟ್ಟು ಬರಾಕೆ ಆಗಲ್ಲ ನೋಡು” ಅಂದರು. ಸಾಕು ಬಿಡಿ ಎಂದು ಹೇಮಕ್ಕನೂ ನಕ್ಕರು. ಸಂಧ್ಯಾ ಕೂಡ ನಕ್ಕಳು. ಚಪ್ಪಲಿ ಬಿಟ್ಟು ಒಳಬಂದು, ಖಾಲಿ ಚಾಪೆಯೊಂದರ ಮೇಲೆ ಕಾಲು ಚಾಚಿ ಬಗ್ಗಿದಳು. ಬಲಮಂಡಿ ನೆಲ ಬಿಟ್ಟು ಮೇಲೆದ್ದಿತ್ತು.

ಹೇಮಕ್ಕ ಎಣಿಸುತ್ತ ಅವಳ ಬಳಿ ಬಂದರು. ಎಣಿಕೆ ನಿಲ್ಲಲಿಲ್ಲ. ಕೈ ಇಳಿದು ಆ ಮಂಡಿಯನ್ನು ಒತ್ತಿತು.

ಸಂಧ್ಯಾ ಅಮ್ಮನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು. “ಊರ ಮಂದಿಗೆಲ್ಲ ಸಾಕು ಅನ್ನಾಕೆ ಬರ್ತೈತೆ ನಿನಗೆ. ನನಗೆ ಮಾತ್ರ ಬರಲ್ಲ.”

“ಗೊತ್ತಾಗಲಿಲ್ಲ ಕಣೇ. ಕೈ ತಾನೇ ಹೋಯ್ತು.”

“ನಾನೂ ಅದನ್ನೇ ಹೇಳ್ತಿರೋದು” ಎಂದು ಅವಳು ಎದ್ದು ಮೆಟ್ಟಿಲಿಳಿದಳು.

ಆಮೇಲಿಂದ ಫೋನು ಎತ್ತುತ್ತಿಲ್ಲವಂತೆ. ನಿನ್ನೆ ಎಲ್ಲರೂ ಹೋದ ಮೇಲೆ ಹೇಮಕ್ಕ ನನ್ನನ್ನು ಕೇಳಿದರು, “ಇಷ್ಟೆಲ್ಲ ಕಲಿತದ್ದು ಯಾರಿಗೋಸ್ಕರ ಹೇಳಮ್ಮ?” ನಮಗೆಲ್ಲ ಎಷ್ಟು ಒಳ್ಳೆಯದಾಗಿದೆ ಎಂದು ಹೇಳಲು ಬಾಯಿ ತೆರೆದೆ. ಆ ಮಾತಿನಿಂದ ಅವರಿಗೆ ಇನ್ನೂ ಉರಿಯುತ್ತದೆ ಎನಿಸಿ ಚಾಪೆ ಸುತ್ತತೊಡಗಿದೆ.