ಜೋಳದ ಚೀಲದಲ್ಲಿ ಮೊಬೈಲು

ಭಾಲ್ಕಿಯ ಗೆಳೆಯನ ಫೋನು ಬಂದಾಗ ನಾನು ಬೀದರಿನ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಬಿಸಿಲಿತ್ತು ಎಂದು ಬರೆಯಲು ಹೊರಟೆ. ನೆನಪು ಬಿಸಿಲನ್ನು ತಾನೇ ಸೇರಿಸಿಕೊಳ್ಳುತ್ತದೆ; ಅದನ್ನು ನಾನು ನಂಬುವುದಿಲ್ಲ.

ಅವನದು ಡಿಜೆ ಕೆಲಸ. ಟ್ರಾಲಿಯ ಮೇಲೆ ಸೌಂಡ್ ಬಾಕ್ಸುಗಳನ್ನು ಗೋಡೆಯಂತೆ ಪೇರಿಸಿಕೊಂಡು ಮದುವೆ, ಜಯಂತಿ ಎಲ್ಲಕ್ಕೂ ಹೋಗುತ್ತಾನೆ.

"ಅಣ್ಣನ ಮಗಳ ಅರಿಶಿಣ ಅದ. ನಿಮ್ಮಕ್ಕಗ ಕರ್ಕೊಂಡು ಬಾ. ಈ ಸಲ ಬಾಕ್ಸ್ ನೆಲದ ಮ್ಯಾಲ ಇಡ್ತೇನಿ. ಹಲಗಿ ಬಾರಿಸೋರು ಬರ್ತಾರ. ಎಲ್ಲರೂ ಕುಣೀಬೇಕು, ಮೊದಲಿನಂಗ."

"ಎಲೆಕ್ಷನ್‌ಗೆ ನಿಂದ್ರಾಂವ ಇದ್ದಿ ಏನು?"

"ಶಕ್ ಮಾಡೂದು ಬಿಡೊ ದೋಸ್ತ. ಈಗ ಮಂದಿ ಡಿಜೆ ಮುಂದ ಮೊಬೈಲ್ ಎತ್ಕೊಂಡು ನಿಂದರ್ತಾರ, ಹೆಣ ನೋಡಿದಂಗ. ನನಗ ಬ್ಯಾಸರ ಬಂದದ."

'ಮೊದಲಿನಂಗ' ಎಂಬ ಮಾತೇ ನನಗೆ ಅನುಮಾನ. ಮೊದಲು ಕುಡಿದು ಬಂದು ಮೈಮೇಲೆ ಬೀಳುವವರು ಇರಲಿಲ್ಲವೇ?

ಅಕ್ಕ ಠಾಣಾ ಕುಶನೂರದಲ್ಲಿರುತ್ತಾಳೆ. ಹಿಂದೆಲ್ಲ ಹಲಗೆ ಕೇಳಿದರೆ ಮೊದಲು ಎದ್ದು ಕುಣಿಯುವವಳು ಅವಳೇ. ಔರಾದದ ಒಂದು ಮದುವೆಯ ಮೆರವಣಿಗೆಯಲ್ಲಿ ಯಾರೋ ಅವಳ ವಿಡಿಯೋ ತೆಗೆದು, ಹೊಲಸು ಹಾಡು ಜೋಡಿಸಿ ಹಂಚಿದರು. ಕಮಠಾಣದ ಬೀಗರ ಮನೆಗೂ ಅದು ಮುಟ್ಟಿತು. ಅಂದಿನಿಂದ ಅವಳು ಮದುವೆಗಳಲ್ಲಿ ಸೆರಗಿನೊಳಗೆ ಕೈ ಇಟ್ಟುಕೊಂಡು ಕೂಡುತ್ತಾಳೆ. ತೆಗೆದವನದು ಗೀರಿನ ಅಂಗಿ ಎಂದು ನನಗೆ ನೆನಪು. ಅಕ್ಕನಿಗೆ ಅಂಥವನು ಯಾರೂ ನೆನಪಿಲ್ಲ. ಅವತ್ತು ನಾನೂ ಮೊಬೈಲು ಎತ್ತಿದ್ದೆ. ಎಲ್ಲರೂ ಎತ್ತಿದ್ದರು ಎನ್ನುವುದು ಸುಲಭ.

ಅಕ್ಕನನ್ನು ಕರೆದುಕೊಂಡು ಹೋದಾಗ ಭಾಲ್ಕಿಯ ಹಾಲ್‌ನ ಬಾಗಿಲಲ್ಲಿ ಗೆಳೆಯ ಜೋಳದ ಚೀಲ ಹಿಡಿದು ನಿಂತಿದ್ದ.

"ಮೊಬೈಲ್ ಇದ್ರಾಗ ಹಾಕ್ರಿ, ಆಮ್ಯಾಲ ಒಳಗ ನಡೀರಿ. ಕಾಕಾ, ನಿಮ್ಮ ಡಬ್ಬಾ ಫೋನೂ ಹಾಕ್ರಿ, ನಾಚಬ್ಯಾಡ್ರಿ!"

ಅಕ್ಕನ ಎದುರಿಗೇ ನಾನು ಗಾಜು ಒಡೆದ ಹಳೆಯ ಮೊಬೈಲು ಹಾಕಿದೆ. ಒಳ್ಳೆಯದು ಬನಿಯನ್ನಿನ ಜೇಬಿನಲ್ಲಿತ್ತು. ಯಾರಾದರೂ ಕದ್ದು ವಿಡಿಯೋ ಮಾಡಿದರೆ ಅವನನ್ನೇ ವಿಡಿಯೋ ಮಾಡುವುದು ನನ್ನ ಉಪಾಯ. ಆಗ ಅದು ಬಹಳ ಜಾಣತನ ಅನ್ನಿಸಿತ್ತು.

ಬಾಕ್ಸಿನ ಸದ್ದು ಹಲಗೆಯನ್ನು ನುಂಗದಷ್ಟೇ ಇತ್ತು. ಮುದುಕಿಯೊಬ್ಬಳು ರಟ್ಟೆ ಹಿಡಿದು ಎಳೆದಳು, ಅಕ್ಕ ಎದ್ದಳು. ಅವಳ ಕುಣಿತ ನಾನು ನೋಡಲಿಲ್ಲ. ಮಂದಿಯ ಕೈಗಳನ್ನು ನೋಡುತ್ತಿದ್ದೆ. ಒಬ್ಬ ತನ್ನ ಸೊಂಟಕ್ಕೆ ಕೈ ಹಾಕಿದ, ನಾನು ನನ್ನ ಎದೆಯ ಜೇಬಿಗೆ ಕೈ ಹಾಕಿದೆ. ಅವನು ತಂಬಾಕು ತೆಗೆದ.

ಅಷ್ಟರಲ್ಲಿ ಅಕ್ಕ ಕುಣಿಯುತ್ತಲೇ ಬಂದು, "ಬಾರೋ ತಮ್ಮಾ, ಗೂಟದಂಗ ನಿಂತೀದಿ!" ಎಂದು ನನ್ನ ಎದೆಗೆ ಬಡಿದಳು. ಅವಳ ಅಂಗೈ ಅಲ್ಲೇ ನಿಂತಿತು.

"ಏನಿದು?"

"ಯಾರರೆ ವಿಡಿಯೋ ತೆಗದ್ರ ಹಿಡೀಲಿಕ್ಕ…"

"ಇಷ್ಟು ಮಂದ್ಯಾಗ ಒಬ್ಬಾಂವಂದೇ ಮೊಬೈಲ್ ಒಳಗ ಬಂದದ. ಅಂವ ನನ್ನ ತಮ್ಮ."

ಹಲಗೆಯವನು ಕೋಲು ನಿಲ್ಲಿಸಿ ನಕ್ಕ. "ಸಾಹೇಬ್ರ, ನೀವೇ ಪೊಲೀಸು, ನೀವೇ ಕಳ್ಳರೇನ್ರಿ?"

ಅಕ್ಕ ನಗಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದಳು: "ಔರಾದದಾಗ ನಿನ್ನ ಕೈಯಾಗೂ ಮೊಬೈಲ್ ಇತ್ತು. ನಾ ಏನರೆ ಕೇಳೀನೇನು? ಹೋಗು, ಚೀಲದ ಹತ್ರ ಕುಂದ್ರು. ನೀ ಇಲ್ಲಿದ್ರ ನಾ ಕುಣ್ಯಾಂಗಿಲ್ಲ."

ಚೀಲ ಹೊರಗೆ ಒಯ್ದು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಒಳಗಿನ ಮೊಬೈಲುಗಳು ಆಗಾಗ ನಡುಗುತ್ತಿದ್ದವು. ಮುಚ್ಚಿದ ಬಾಗಿಲ ಆಚೆ ಹಲಗೆ ಮತ್ತೆ ಶುರುವಾಯಿತು. ನಂತರ ಹೆಂಗಸರ ನಗು. ಅದರಲ್ಲಿ ಅಕ್ಕನ ನಗುವಿತ್ತು ಎಂದು ಈಗ ಬರೆಯಬಹುದು, ಆಗ ಗುರುತಾಗಿರಲಿಲ್ಲ. ಅವಳು ಹೊರಬಂದಾಗ ಮೊಣಕೈಯವರೆಗೆ ಅರಿಶಿಣ, ಬಿಚ್ಚಿದ ತುರುಬು, ಕೊಂಡಿ ಕಳಚಿದ ಕಾಲ್ಗೆಜ್ಜೆ ಕೈಯಲ್ಲಿ. ನನಗೆ ಸಿಕ್ಕಿದ್ದು ಇಷ್ಟೇ.

ಬಸ್ಸಿನಲ್ಲಿ ಅವಳು ನನ್ನ ಕಡೆ ಕೈ ಚಾಚಿದಳು.

"ಮೊಬೈಲ್ ಕೊಡು."

ಒಳ್ಳೆಯದನ್ನೇ ಕೊಟ್ಟೆ. ಹಳೆಯ ವಿಡಿಯೋಗಳನ್ನು ಹುಡುಕುತ್ತಾಳೆ ಎಂದುಕೊಂಡು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅವಳು ಮನೆಗೆ ಫೋನು ಹಚ್ಚಿದಳು.

"ಬ್ಯಾಳಿ ಇಡ್ರಿ. ಬರ್ಲಿಕತ್ತೇನಿ."

ಮೊಬೈಲು ವಾಪಸ್ಸು ಕೊಡುತ್ತ ಕಿಟಕಿಯ ಕಡೆ ತಿರುಗಿದಳು.

"ಮುಂದಿನ ಸಲ ಒಂದೇ ಮೊಬೈಲ್ ತಾ."